ನೆಟ್ಟಗೆ ನಿಂತ ಹೊಸ್ತಿಲು

“ಹಳೆಯ ಅಡುಗೆಮನೆ ಕೆಡವಿದ ಮಣ್ಣು, ಗಾರೆ ಎಲ್ಲ ರಾಶಿ ಬಿದ್ದಿದೆ ಬುದ್ಧೀ. ಕಸ ಹಾಕಲು ಊರವರು ಗೊತ್ತುಮಾಡಿರುವ ಹಳೆಯ ಕಲ್ಲುಗಣಿ ದೂರ. ಮಠದ ಹಿಂದಿನ ಹಳ್ಳಕ್ಕೇ ಸುರಿಸಿದರೆ ಆಗದೆ? ಮಠದ್ದೆಂದರೆ ಯಾರು ತಾನೆ ಬೇಡ ಅನ್ನುತ್ತಾರೆ?” ಎಂದು ಶಿಷ್ಯ ಶಿವರುದ್ರ ಕೇಳಿದ.

ಗುರುಗಳು ಆಗಲಿ ಎನ್ನಲಿಲ್ಲ, ಬೇಡ ಎಂದೂ ಎನ್ನಲಿಲ್ಲ. ಅವನನ್ನು ಕೂರಿಸಿಕೊಂಡು ಕತೆ ತೆಗೆದರು.

ಒಂದೂರಿನಲ್ಲಿ ಒಬ್ಬ ಎಣ್ಣೆ ವ್ಯಾಪಾರಿ. ಮನೆಯ ಮುಂಭಾಗ ಕೆಡವಿ ಹೊಸದಾಗಿ ಕಟ್ಟಿಸಿದ. ಕಟ್ಟಿಸುವಾಗ ಇದ್ದ ಹುರುಪು ಕಸ ಸಾಗಿಸುವಾಗ ಇರಲಿಲ್ಲ. ಯಾರಿಗೆ ತಾನೆ ಇರುತ್ತದೆ? ಕಸ ಹಾಕುವ ಗಣಿ ಎಲ್ಲಿ, ಮನೆ ಎಲ್ಲಿ ಎಂದುಕೊಂಡು, ಕೆರೆಗೆ ನೀರು ಹೋಗುವ ಕಾಲುವೆಗೆ ಎಲ್ಲವನ್ನೂ ಸುರಿಸಿಬಿಟ್ಟ. ಬೇಸಿಗೆಯಾದ್ದರಿಂದ ಕಾಲುವೆ ಒಣಗಿತ್ತು.

ಒಂದಕ್ಕೆ ಮಾತ್ರ ಅವನ ಮನಸ್ಸು ಅಳುಕಿತು. ಅದು ಕಲ್ಲಿನ ಹಳೆಯ ಹೊಸ್ತಿಲು. ಹೆಂಡತಿ ದಿನಾ ಅರಿಸಿನ ಕುಂಕುಮ ಇಟ್ಟ ಕಲ್ಲು. ಯಾರಾದರೂ ತುಳಿದರೆ ಮನೆಗೆ ಒಳ್ಳೆಯದಲ್ಲ ಎಂದು ಎಚ್ಚರಿಸಿ, ಅವಳು ಕಡೆಯ ಪೂಜೆ ಮಾಡಿ ಕಳಿಸಿದ್ದಳು. ಅವನು ಅದನ್ನು ರಾಶಿಯ ಮೇಲೆ ನೆಟ್ಟಗೆ ನಿಲ್ಲಿಸಿ, ಕೈಮುಗಿದು ಬಂದ. ಮಾಡಬೇಕಾದ್ದನ್ನೆಲ್ಲ ಮಾಡಿದೆನೆಂದು ಹಾಯಾಗಿ ಉಂಡ. ನೋಡು, ಆ ಕಲ್ಲಿಗೆ ತೋರಿಸಿದ ಭಯಭಕ್ತಿಯಲ್ಲಿ ಒಂದು ಚೂರು ಕಾಲುವೆಗೆ ತೋರಿಸಿದ್ದರೆ ನಾನು ಈ ಕತೆ ಹೇಳುವ ಪ್ರಮೇಯವೇ ಇರುತ್ತಿರಲಿಲ್ಲ.

ದಾರಿಹೋಕರು ನಿಂತ ಕಲ್ಲು ಕಂಡರು, ಕುಂಕುಮ ಕಂಡರು. ಒಬ್ಬಳು ಹೂವಿಟ್ಟಳು, ಇನ್ನೊಬ್ಬಳು ದೀಪ ಹಚ್ಚಿದಳು. ಮಳೆಗಾಲ ಬರುವಷ್ಟರಲ್ಲಿ ಅದು ಕಾಲುವೆಯಮ್ಮ ಆಗಿತ್ತು. ವ್ಯಾಪಾರಿ ಒಳಗೊಳಗೇ ನಕ್ಕ. ಇನ್ನು ಕಸ ಯಾರದೆಂದು ಯಾರೂ ಕೇಳುವುದಿಲ್ಲ ಎಂದುಕೊಂಡ.

ಮಳೆ ಬಂತು. ರಾಶಿ ನೀರಿಗೆ ಅಡ್ಡವಾಯಿತು. ನೀರು ದಂಡೆ ಒಡೆದು ಪಕ್ಕದ ಕುಂಬಾರನ ಅಂಗಳಕ್ಕೆ ನುಗ್ಗಿತು. ಸುಡಲೆಂದು ಒಣಗಿಸಿಟ್ಟಿದ್ದ ಮಡಕೆಗಳೆಲ್ಲ ಮತ್ತೆ ಮಣ್ಣಾದವು. ರಾಶಿ ಎತ್ತಿಹಾಕೋಣವೆಂದರೆ ಮೇಲೆ ದೇವರು. ಮುಟ್ಟಲು ಯಾರಿಗೂ ಧೈರ್ಯವಿಲ್ಲ.

ವ್ಯಾಪಾರಿ ನೋಡಲು ಹೋದ. ಕುಂಬಾರ ಮೊಣಕಾಲುದ್ದ ನೀರಿನಲ್ಲಿ ನಿಂತು, ಅದೇ ಹೊಸ್ತಿಲಿಗೆ ಕೈಮುಗಿದು, ತಾಯೀ ಗೋಡೆಯನ್ನಾದರೂ ಉಳಿಸು ಎಂದು ಬೇಡುತ್ತಿದ್ದ. ಸುಮ್ಮನಿದ್ದರೆ ವ್ಯಾಪಾರಿಯ ಮರ್ಯಾದೆ ಉಳಿಯುತ್ತಿತ್ತು, ಕುಂಬಾರನ ಮನೆ ಉಳಿಯುತ್ತಿರಲಿಲ್ಲ.

“ಅದು ತಾಯಿಯಲ್ಲಣ್ಣ, ನನ್ನ ಮನೆಯ ಹೊಸ್ತಿಲು. ಕೆಳಗಿರುವುದು ನನ್ನ ಮನೆಯ ಕಸ” ಎಂದ.

ಊರಲ್ಲಿ ಕೆಲವರು ನಂಬಲಿಲ್ಲ. ನಂಬಿದವರು ಮುಖಕ್ಕೆ ಉಗಿದರು. ಹರಕೆ ಹೊತ್ತವರು ಶಾಪ ಹಾಕಿದರು. ದೇವರಿದ್ದ ಮಣ್ಣು ಹೇರುವುದಿಲ್ಲ ಎಂದು ಗಾಡಿಯವರು ಎತ್ತು ತಿರುಗಿಸಿಕೊಂಡು ಹೋದರು. ಅವನು ಪಟ್ಟು ಬಿಡಲಿಲ್ಲ. ಕಲ್ಲನ್ನು ತಾನೇ ಕಿತ್ತು ಪಕ್ಕಕ್ಕಿಟ್ಟ. ನೀರಿಗೆ ದಾರಿಯಾಗುವವರೆಗೂ ಮಳೆಯಲ್ಲೇ ಮಣ್ಣು ತೋಡಿ ದಂಡೆಗೆ ಎಳೆದ. ಮಳೆ ನಿಂತ ಮೇಲೆ ಗಟ್ಟಿ ಇಟ್ಟಿಗೆಗಳನ್ನು ಆರಿಸಿ ಕುಂಬಾರನ ಗೋಡೆಗೆ ಕೊಟ್ಟ. ಉಳಿದದ್ದನ್ನು ಪುಟ್ಟಿ ಪುಟ್ಟಿಯಾಗಿ ತಲೆಯ ಮೇಲೆ ಹೊತ್ತು ಗಣಿಗೆ ಸಾಗಿಸಿದ. ನೆತ್ತಿ ಸುಲಿಯಿತು, ಆದರೂ ನಿಲ್ಲಿಸಲಿಲ್ಲ. ಗಣಿ ದೂರ ಎಂದು ಮತ್ತೆ ಬಾಯಿಬಿಡಲೂ ಇಲ್ಲ. ಆ ಕಲ್ಲು ಈಗ ಕುಂಬಾರನ ಬಾಗಿಲಲ್ಲಿದೆ, ಹೊಸ್ತಿಲಾಗಿಯೇ.

ಗುರುಗಳು ಕತೆ ನಿಲ್ಲಿಸಿದರು. ಶಿವರುದ್ರ ತಲೆ ಕೆರೆದುಕೊಂಡ.

“ನಮ್ಮ ಕಸದಲ್ಲಿ ಹೊಸ್ತಿಲು ಇಲ್ಲವಲ್ಲ ಬುದ್ಧೀ” ಎಂದ ಮೆಲ್ಲಗೆ.

“ಒಬ್ಬ ವ್ಯಾಪಾರಿಯ ಕಲ್ಲನ್ನು ಮುಟ್ಟಲೇ ಊರು ಹೆದರಿತಲ್ಲಪ್ಪಾ, ಇನ್ನು ಮಠದ ಮಣ್ಣನ್ನು ಎತ್ತಿಹಾಕುವವರು ಯಾರು?”

ಶಿವರುದ್ರ ಪುಟ್ಟಿ ತರಲು ಎದ್ದ.