ಮಗಳಿಗೆ ಹೆಸರು ತರಲು ಹೋದ ಸಂಕಪ್ಪ

ಹೂಂ ಅನ್ನುವವರು ಮುಂದೆ ಬಂದು ಕೂಡಿ, ನಗು ತಡೆಯಲಾರದವರು ಬಾಗಿಲ ಹತ್ತಿರ ಕೂಡಿ. ಸಂಕಪ್ಪನ ಕತೆ ಹೇಳುತ್ತೇನೆ.

ಕರಿಹುಣಸಿಕಟ್ಟಿ ಅಂತ ಒಂದು ಊರು. ಅಲ್ಲಿ ಹೊನ್ನವ್ವ ಅಂತ ಒಬ್ಬ ತಾಯಿ, ಅವಳಿಗೆ ಸಂಕಪ್ಪ ಅಂತ ಒಬ್ಬ ಮಗ. ಗಂಡ ತೀರಿಕೊಂಡ ಮೇಲೆ ಹೊನ್ನವ್ವ ಜೋಳದ ರೊಟ್ಟಿ ಬಡಿದು ಮಾರಿ ಮಗಳನ್ನೂ ಮಗನನ್ನೂ ಬೆಳೆಸಿದಳು. ಮಗಳು ನಿಂಬವ್ವ ಜಾಣೆ, ಪಟ್ಟಣಕ್ಕೆ ಲಗ್ನವಾಗಿ ಹೋದಳು. ಮಗ ಸಂಕಪ್ಪ ಎತ್ತಿನಂಥ ಆಳು, ಒಂದೇ ಕೈಯಲ್ಲಿ ಜೋಳದ ಚೀಲ ಎತ್ತುತ್ತಿದ್ದ. ತಲೆ ಮಾತ್ರ ಕೇಳಬೇಡಿ! ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವವನು, ಕೂದಲೆಳೆಯಷ್ಟು ಆಚೆ ಇಲ್ಲ, ಈಚೆ ಇಲ್ಲ. "ಬಾಗಲಾ ನೋಡ್ಕೋಲೇ" ಅಂತ ತಾಯಿ ನೀರಿಗೆ ಹೋದರೆ, ಹಿಂದೆ ಬೆಕ್ಕು ಹಾಲು ಕುಡಿಯುತ್ತಿದ್ದರೂ ಬಾಗಿಲನ್ನೇ ನೋಡುತ್ತಾ ನಿಂತಿರುತ್ತಿದ್ದ. "ಇಂಥಾ ಮಗನ್ನ ಯಾಕ ಹಡದ್ನೆವ್ವಾ!" ಅಂತ ಹೊನ್ನವ್ವ ದಿನಕ್ಕೆ ಮೂರು ಸಲ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು.

ಅವನಿಗೂ ಲಗ್ನವಾಯಿತು. ಹೆಂಡತಿ ಸಾವಕ್ಕನಿಗೆ ತವರಿನಲ್ಲಿ ತಾಯಿ ಇರಲಿಲ್ಲ, ಹಾಗಾಗಿ ಹೆರಿಗೆ, ಬಾಣಂತನ ಎಲ್ಲ ಅತ್ತೆಯ ಮನೆಯಲ್ಲೇ. ಹೆಣ್ಣು ಕೂಸು ಹುಟ್ಟಿತು. ಇನ್ನು ಹೆಸರು ಇಡಬೇಕಲ್ಲ?

ಈ ಹೆಸರಿನ ಗದ್ದಲವನ್ನು ಸ್ವಲ್ಪ ಹೇಳಿಬಿಡುತ್ತೇನೆ. ಹತ್ತು ವರ್ಷದ ಹಿಂದೆ ಯಾವ ಕೂಸನ್ನು ಕೇಳಿದರೂ ಪಿಂಕಿ, ಸ್ವೀಟಿ, ಡಾಲಿ. ನಮ್ಮ ನಿಂಬವ್ವನೇ ಪಟ್ಟಣಕ್ಕೆ ಹೋದ ವಾರದಲ್ಲಿ "ನಿಮಿ" ಆಗಿಬಿಟ್ಟಿದ್ದಳು. ನಿಂಬವ್ವಾ ಅಂತ ಕರೆದರೆ ಕತ್ತು ಸಹ ತಿರುಗಿಸುತ್ತಿರಲಿಲ್ಲ! ಆಮೇಲೆ ಗಾಳಿ ತಿರುಗಿತು. ದೊಡ್ಡ ಡಾಕ್ಟರು ಮೊಮ್ಮಗಳಿಗೆ ಗಂಗವ್ವ ಅಂತ ಇಟ್ಟರು. ವಕೀಲರು ಮಗನಿಗೆ ಬಸಲಿಂಗಪ್ಪ ಅಂತ ಇಟ್ಟರು. ನಿಮಿ ಮರುದಿನವೇ ನಿಂಬವ್ವಳಾಗಿ ಬಾಗಿಲಿಗೆ ಹಲಗೆ ಹಾಕಿಸಿದಳು. ಹಳೇ ಹೆಸರಿಗೆ ಬೆಲೆ ಬಂತೋ ಇಲ್ಲವೋ, ಕರಿಹುಣಸಿಕಟ್ಟಿಯಲ್ಲಿ ತೀರಿಹೋದ ಅಜ್ಜಿಯರ ಹೆಸರೆಲ್ಲ ಒಂದೇ ವರ್ಷದಲ್ಲಿ ಮುಗಿದವು. ಹೊನ್ನವ್ವನ ಅತ್ತೆಯ ಹೆಸರು ಪಾರವ್ವ. ಅದನ್ನು ಮೈದುನನ ಮನೆಯವರು ಹಾರಿಸಿದರು. ತಾಯಿಯ ಹೆಸರು ನೀಲವ್ವ. ಅದನ್ನು ತಂಗಿ ತನ್ನ ಮೊಮ್ಮಗಳಿಗೆ ಹಾಕಿಕೊಂಡಳು. ಹೊನ್ನವ್ವನ ಪಾಲಿಗೆ ಏನೂ ಉಳಿಯಲಿಲ್ಲ.

ಕೂಸು ನೋಡಲು ಬಂದ ನಿಂಬವ್ವ ಹೇಳಿಹೋದಳು: "ಯವ್ವಾ, ಹೆಸರು ಇಡಾಕಿ ಸೋದರತ್ತಿ, ಅಂದ್ರ ನಾನು. ಹದಿಮೂರನೇ ದಿನ ತೊಟ್ಟಲಕ್ಕ ಹಾಕೋಣು. ಅಷ್ಟರಾಗ ಯಾರೂ ಇಡದಂಥ ಹಳೇ ಹೆಸರು ಹುಡುಕಿ ಕೊಟ್ರ ಚಲೋ. ಇಲ್ಲಂದ್ರ ನನ್ನ ಫೋನಿನ್ಯಾಗ ಮೊದಲು ಯಾವುದು ಬರತೈತೋ ಅದ!"

ಹೊನ್ನವ್ವನಿಗೆ ಎದೆ ಧಸಕ್ಕೆಂದಿತು. "ನಮ್ಮ ಮನಿ ಕೂಸಿಗೆ ಫೋನಿನ ಹೆಸರೇನು! ಕೂಸಿನ ಹೆಸರು ಕರದ್ರ ಮನೆತನ ಎದ್ದು ನಿಂದರಬೇಕು!" ತಾನೇ ಹುಡುಕೋಣವೆಂದರೆ ಬಾಣಂತಿಯನ್ನು ಬಿಟ್ಟು ಹೋಗುವ ಹಾಗಿಲ್ಲ. ಇನ್ನು ಯಾರನ್ನು ಕಳಿಸಬೇಕು? ಸಂಕಪ್ಪನನ್ನು!

"ಸಂಕಪ್ಪಾ, ಊರಾಗ ಹೋಗು. ಎಲ್ಲಾದಕ್ಕಿಂತ ಹಳೇ ಹೆಸರು ಯಾವುದೈತಿ, ಹುಡುಕಿ ತಗೊಂಡು ಬಾ!"

"ಹೂಂ ಯವ್ವಾ!"

ಸಂಕಪ್ಪ ಸಾಲಿಗೆ ಹೋಗಿ ಮಾಸ್ತರನ್ನು ಕೇಳಿದ. ಮಾಸ್ತರು, "ಹಣಮಪ್ಪನ ಗುಡಿ ಹಿಂದ ಒಂದು ಬರೆದ ಕಲ್ಲು ಐತಲ್ಲಾ, ಎಂಟುನೂರು ವರ್ಷದ್ದು. ಅದರಾಗ ಗುಡಿ ಕಟ್ಟಿಸಿದಾಕಿ ಹೆಸರು ಐತಿ. ಅದಕ್ಕಿಂತ ಹಳೇದು ಈ ಊರಾಗಿಲ್ಲ" ಅಂದರು. ಸಂಕಪ್ಪ ಹಾರೆ ತಂದ. ಚಕ್ಕಡಿ ತಂದ. ಕಲ್ಲು ಕಿತ್ತ, ಚಕ್ಕಡಿಗೆ ಹೇರಿದ, ಎದೆ ಉಬ್ಬಿಸಿಕೊಂಡು ಮನೆಗೆ ಹೊಡೆದುಕೊಂಡು ಬಂದ.

"ಯವ್ವಾ! ಹೆಸರು ತಂದೀನಿ! ಇಳಸಾಕ ನಾಕು ಮಂದಿ ಕರೀ!"

ಹಿಂದೆಯೇ ಊರಿನ ಹಿರಿಯರು ಓಡಿ ಬಂದರು, ಪೂಜಾರಿ ಓಡಿ ಬಂದ, ಮಾಸ್ತರು ಬರಿಗಾಲಲ್ಲಿ ಓಡಿ ಬಂದರು. ಬೈದರು, ಉಗಿದರು, ಕಲ್ಲನ್ನು ಅವನ ಕೈಯಿಂದಲೇ ಮತ್ತೆ ಹುಗಿಸಿದರು.

ಹೊನ್ನವ್ವ ಹಣೆ ಬಡಿದುಕೊಂಡಳು. "ಹುಚ್ಚಪ್ಯಾಲಿ! ಹೆಸರು ಅಂದ್ರ ಹೊತ್ಕೊಂಡು ಬರೋದಲ್ಲಲೇ, ಬಾಯಾಗ ಇರ್ತೈತಿ ಅದು! ವಯಸ್ಸಾದ ಮುದುಕಿ ಕಡೆ ಹೋಗಬೇಕು, ಕಾಲಿಗೆ ಬೀಳಬೇಕು, 'ಅಜ್ಜೀ, ನಮ್ಮ ಕೂಸಿಗೊಂದು ಹೆಸರು ಕೊಡು' ಅನ್ನಬೇಕು!"

"ಇಷ್ಟೇನಾ? ಮೊದಲ ಹೇಳಬೇಕಿಲ್ಲೋ!"

ಹೋದ. ಊರಿಗೆಲ್ಲ ವಯಸ್ಸಾದವಳು ತೊಂಬತ್ತು ದಾಟಿದ ಕಾಳವ್ವಜ್ಜಿ. ಆವತ್ತು ನೆಗಡಿ ಕೆಮ್ಮು ಅಂತ ಕೌದಿ ಹೊದ್ದು ಮಲಗಿದ್ದಳು. ಸಂಕಪ್ಪ ಧಡ್ಡನೆ ಕಾಲಿಗೆ ಬಿದ್ದ.

"ಅಜ್ಜೀ, ನಮ್ಮ ಕೂಸಿಗೊಂದು ಹೆಸರು ಕೊಡು!"

"ನನ್ನ ಕಡೆ ಎಲ್ಲಿ ಹೆಸರು ಐತೋ ತಮ್ಮಾ? ಇರೋದು ಒಂದ, ನಂದು."

"ಅದನ್ನ ಕೊಡು! ಇನ್ನ ಒಂಬತ್ತು ದಿನದಾಗ ಬೇಕು!"

ಅಯ್ಯೋ, ನಮ್ಮ ಕಡೆ ಕೂಸಿಗೆ ಹಿರಿಯರ ಹೆಸರು ಇಟ್ಟರೆ ತೀರಿಹೋದವರದನ್ನಷ್ಟೇ ಇಡುತ್ತಾರೆ. ಬದುಕಿದ್ದವಳ ಹೆಸರು ಕೇಳುವುದೆಂದರೆ ಏನರ್ಥ? ಅದೂ ಒಂಬತ್ತು ದಿನ ಗಡುವು ಕೊಟ್ಟು! ಮೂರು ದಿನದಿಂದ ಮೇಲೇಳದ ಕಾಳವ್ವಜ್ಜಿ ಕೌದಿ ಒಗೆದು ಎದ್ದು ನಿಂತಳು. "ನನ್ನ ಸಾವಿನ ದಿನಾ ಎಣಸಾಕ ಬಂದೀಯೇನಲೇ! ನಿನ್ನ ಮೊಮ್ಮಕ್ಕಳ ಲಗ್ನದಾಗ ಹೋಳಿಗಿ ಉಂಡ ಹೋಗಾಕಿ ನಾನು!" ಅಂತ ಕೋಲು ಹಿಡಿದು ಅಗಸಿ ಬಾಗಿಲವರೆಗೆ ಅಟ್ಟಿಸಿಕೊಂಡು ಬಂದಳು.

ಸಂಕಪ್ಪ ಬೆನ್ನು ಉಜ್ಜಿಕೊಳ್ಳುತ್ತಾ ಬಂದ. ಆದರೂ ಮುಖದಲ್ಲಿ ಹೆಮ್ಮೆ! "ಯವ್ವಾ, ಹೆಸರು ಸಿಗಲಿಲ್ಲ, ಅಜ್ಜಿ ಕೆಮ್ಮು ಹೋತು!"

"ಲೇ ಖೋಡಿ! ಬದುಕಿದ್ದಾಕಿ ಹೆಸರು ಕೇಳ್ತಾರೇನೋ! ತೀರಿಕೊಂಡಾಕಿದು ಕೇಳಬೇಕು! ಅಂಥವರ ಮನ್ಯಾಗ ಮೊದಲು ಎರಡು ಹನಿ ಕಣ್ಣೀರು ಹಾಕಬೇಕು. 'ಎಂಥಾ ಹೆಣಮಗಳು, ಹೋಗಿಬಿಟ್ಲಲ್ಲಾ' ಅಂತ ಅಳಬೇಕು. ಆಮ್ಯಾಲ ಹೆಸರಿನ ಮಾತು!"

"ಇಷ್ಟೇನಾ? ಮೊದಲ ಹೇಳಬೇಕಿಲ್ಲೋ!"

ಮತ್ತೆ ಹೋದ. ದೇಸಾಯರ ಮನೆ ಮುಂದೆ ಚಪ್ಪರ ಹಾಕಿತ್ತು, ಒಳಗೆ ಜನವೋ ಜನ. ಗೋಡೆಯ ಮೇಲೆ ದೊಡ್ಡ ಫೋಟೊ, ಫೋಟೊಕ್ಕೆ ಹಾರ. "ಇದ್ಯಾರ ಫೋಟೊರೀ?" ಅಂತ ಕೇಳಿದ. "ದೊಡ್ಡ ದೇಸಾಯಿ ಅವರ ತಾಯಿ, ರುದ್ರವ್ವಾರು. ತೀರಿಕೊಂಡು ಆರು ವರ್ಷಾತು" ಅಂದರು. ಸಿಕ್ಕಿತಲ್ಲ ತೀರಿಕೊಂಡವಳ ಮನೆ! ಅಷ್ಟರಲ್ಲಿ ನಡುಮನೆಯಲ್ಲಿ ಹೆಂಗಸರೆಲ್ಲ ತೊಟ್ಟಿಲು ತೂಗುತ್ತಾ "ರುದ್ರವ್ವಾ, ರುದ್ರವ್ವಾ" ಅಂದರು. ದೇಸಾಯರ ಮೊಮ್ಮಗಳಿಗೆ ಅವತ್ತೇ ಆ ಹೆಸರು ಇಟ್ಟಿದ್ದರು. ಸಂಕಪ್ಪ ಜನ ಸರಿಸಿ ಹೋಗಿ ತೊಟ್ಟಿಲ ಮೇಲೆ ಬಿದ್ದ. ಎರಡು ಹನಿ ಅಂದರೆ ಎರಡೇ ಹನಿ, ಎಣಿಸಿ ಹಾಕಿದ. ಆಮೇಲೆ ಗಂಟಲು ಹರಿಯುವ ಹಾಗೆ ಬಾಯಿ ಮಾಡಿದ.

"ಎಂಥಾ ಹೆಣಮಗಳು! ಹೋಗಿಬಿಟ್ಲಲ್ಲಾ ನಮ್ಮ ರುದ್ರವ್ವಾ!"

ಕೂಸು ಚಿಟ್ಟನೆ ಚೀರಿತು. ಹೆಂಗಸರು ಚೀರಿದರು. ಗುಗ್ಗರಿ ಹಂಚುತ್ತಿದ್ದ ದೇಸಾಯರು ಗುಗ್ಗರಿಯ ಬುಟ್ಟಿಯನ್ನೇ ಎತ್ತಿ ಸಂಕಪ್ಪನ ತಲೆಗೆ ಹಾಕಿದರು. ಕಿವಿಯಲ್ಲಿ ಕಡಲೆ ಸಿಕ್ಕಿಸಿಕೊಂಡು ಅವನು ಮನೆಗೆ ಬಂದ.

ಹೊನ್ನವ್ವನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಹನ್ನೆರಡನೇ ದಿನ ಬಂದಾಗಿತ್ತು. ನಾಳೆ ಬೆಳಗಾದರೆ ನಿಂಬವ್ವ ಫೋನು ಹಿಡಿದು ಬರುತ್ತಾಳೆ. "ಯಾಕ ಅಳ್ತೀಯಲೇ ಮಂದಿ ಮುಂದ! ಹೆಸರು ಅಂದ್ರ ಅಳಸೋದಲ್ಲ, ಎದಿ ಉಬ್ಬಿಸೋದು! ಇನ್ನ ಯಾರ ಮನಿಗೂ ಹೋಗಬ್ಯಾಡ, ಯಾರನ್ನೂ ಕೇಳಬ್ಯಾಡ. ಯಾವ ಹೆಸರು ಅಂದ್ರ ನಿನ್ನ ಎದಿ ಉಬ್ಬತೈತಿ ನೋಡು, ಅದನ್ನ ಬಂದು ಹೇಳು. ಮುಗೀತು!"

"ಇಷ್ಟೇನಾ? ಮೊದಲ ಹೇಳಬೇಕಿಲ್ಲೋ!"

ಎದೆ ಉಬ್ಬಿತೋ ಇಲ್ಲವೋ ಬರಿಗಣ್ಣಿಗೆ ಹೇಗೆ ತಿಳಿಯಬೇಕು? ಸಂಕಪ್ಪ ನೆಟ್ಟಗೆ ದರ್ಜಿ ಮೌಲಾಸಾಬನ ಅಂಗಡಿಗೆ ಹೋಗಿ ಅಂಗಿ ಬಿಚ್ಚಿ ನಿಂತ.

"ಮೌಲಾಸಾಬಣ್ಣಾ, ಟೇಪು ಹಿಡಿ! ಗಿರಿಜವ್ವ!"

"ನಲವತ್ತು ಇಂಚು."

"ದ್ಯಾಮವ್ವ!"

"ನಲವತ್ತು."

"ಫಕೀರವ್ವ!"

"ನಲವತ್ತಲೇ! ಅಂಗಿ ಹೊಲೀಬೇಕೇನು?"

"ಸುಮ್ನ ಹಿಡಿಯೋ ಅಣ್ಣಾ! ಸಂಗವ್ವ!"

"ಮೂವತ್ತೊಂಬತ್ತೂವರಿ."

"ಇಳೀತು! ಅದು ಬ್ಯಾಡ ಬಿಡು! ಗುರವ್ವ!"

ಹೀಗೆ ಐವತ್ತು ಹೆಸರು ಆದವು. ಟೇಪು ನಲವತ್ತು ಬಿಟ್ಟು ಮೇಲೇರಲಿಲ್ಲ. ಮೌಲಾಸಾಬನ ಕೈ ಸೋತಿತು, ಲಗ್ನದ ಮನೆಯ ಕುಪ್ಪಸಗಳು ಹಾಗೆಯೇ ಬಿದ್ದಿದ್ದವು. ತಡೆಯಲಾರದೆ ಒದರಿದ: "ನನ್ನ ಕೆಲಸಾ ಕೆಡಿಸಾಕ ಹುಟ್ಟೀಯಲ್ಲಲೇ! ಯಾರ ಮಗನಲೇ ನೀನು?"

"ಯಾರ ಮಗಾ ಅಂದ್ರ? ನಾ ಹೊನ್ನವ್ವನ ಮಗಾ!"

ಮೌಲಾಸಾಬ ಟೇಪು ನೋಡಿದ. ಕಣ್ಣು ಉಜ್ಜಿಕೊಂಡು ಮತ್ತೊಮ್ಮೆ ನೋಡಿದ. "ನಲವತ್ತೆರಡು!"

"ಹೊನ್ನವ್ವ!"

"ನಲವತ್ತೆರಡ, ತಮ್ಮಾ!"

ಅಂಗಿಯನ್ನು ಅಲ್ಲೇ ಬಿಟ್ಟು ಸಂಕಪ್ಪ ಓಡಿದ. "ಯವ್ವಾ, ಸಿಕ್ತು! ಐವತ್ತು ಹೆಸರು ಅಂದು ನೋಡೀನಿ, ಯಾವುದಕ್ಕೂ ಉಬ್ಬಲಿಲ್ಲ. ನಿನ್ನ ಹೆಸರಿಗೆ ಎರಡು ಇಂಚು ಉಬ್ಬೈತಿ! ಬೇಕಾದ್ರ ಮೌಲಾಸಾಬನ್ನ ಕೇಳು!"

ಹೊನ್ನವ್ವನ ಕೈಯಲ್ಲಿ ರೊಟ್ಟಿ ಹಾಗೇ ನಿಂತಿತು. ಹೆಸರು ಹಿಡಿದು ಕರೆಯಲು ಗಂಡನಿಲ್ಲ, ಅತ್ತೆ ಮಾವ ಇಲ್ಲ. ಊರಿಗೆ ಅವಳು ಬರೀ ರೊಟ್ಟಿಯವ್ವ. ಅರವತ್ತೆರಡು ವರ್ಷದಲ್ಲಿ ತನ್ನ ಹೆಸರಿಗೆ ಒಬ್ಬರ ಎದೆ ಉಬ್ಬಿದ್ದನ್ನು ಅವಳು ಇವತ್ತೇ ಕೇಳಿದ್ದು. ಅದೂ ಈ ಪೆದ್ದನ ಎದೆ! ಹೆಮ್ಮೆಯಿಂದ ಅವಳ ಕಣ್ಣು ತುಂಬಿ ಬಂದವು. ಆದರೆ ಬೈಯದೆ ಬಿಟ್ಟರೆ ಅವಳು ಹೊನ್ನವ್ವ ಹೇಗಾಗಬೇಕು?

"ಅಲ್ಲಲೇ ಹುಚ್ಚಾ! ನಾ ಇನ್ನ ಅದೀನಿ! ನನ್ನ ಹೆಸರು ಖಾಲಿ ಇಲ್ಲ! ಖಾಲಿ ಆದಾಗ ಇಡೀಯಂತ, ಹೋಗು!"

"ಇಷ್ಟೇನಾ?" ಅಂದ ಸಂಕಪ್ಪ. "ಮೊದಲ ಹೇಳಬೇಕಿಲ್ಲೋ!"

ಮರುದಿನ ಹದಿಮೂರನೇ ದಿನ. ಓಣಿಯ ಹೆಂಗಸರೆಲ್ಲ ಬಂದು ತುಂಬಿದರು. ಜಂತಿಗೆ ತೊಟ್ಟಿಲು ಕಟ್ಟಿ, ಹೂ ಸುತ್ತಿ, ಗುಗ್ಗರಿ ಬುಟ್ಟಿ ಇಟ್ಟಿದ್ದರು. ಸೋದರತ್ತೆ ಕೂಸಿನ ಕಿವಿಯಲ್ಲಿ ಮೂರು ಸಲ "ಕುರ್ರ್" ಅಂತ ಹೆಸರು ಹೇಳಬೇಕು, ಹೇಳುವಾಗ ಉಳಿದವರು ಅವಳ ಬೆನ್ನಿಗೆ ಗುದ್ದಬೇಕು. ಅದು ನಮ್ಮ ಕಡೆಯ ಪದ್ಧತಿ. ಗುದ್ದಲು ಹೆಂಗಸರು ಬಳೆ ಹಿಂದೆ ಸರಿಸಿ ತಯಾರಾಗಿದ್ದರು. ನಿಂಬವ್ವ ಫೋನು ತೆಗೆದಳು.

"ಯವ್ವಾ, ಹಳೇದು ಸಿಗಲಿಲ್ಲ ಹೌದಿಲ್ಲೋ? ಇಲ್ಲೇ ಮೊದಲು ಬಂದದ್ದು ನೈರಾ. ಇಡ್ಲೇನು?"

ಹೊನ್ನವ್ವ ತಲೆ ತಗ್ಗಿಸಿದಳು.

"ಇಡು ಅಕ್ಕಾ! ಅದು ಬೇಕಾಗಿತ್ತು!" ಅಂದವನು ಸಂಕಪ್ಪ. ಅಂದವನೇ ತಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ಖಾಲಿ ತೊಟ್ಟಿಲಲ್ಲಿ ಮಲಗಿಸಿಬಿಟ್ಟ!

"ಅಯ್ಯಯ್ಯೋ! ಇಳಸಲೇ! ಹಗ್ಗಾ ಹರದೀತಲೇ!"

"ಮಿಸುಕಾಡಬ್ಯಾಡ ಯವ್ವಾ!" ಸಂಕಪ್ಪ ಬಾಗಿ ತಾಯಿಯ ಕಿವಿಗೆ ಬಾಯಿ ಇಟ್ಟ. "ಕುರ್ರ್! ನೈರಾ! ಕುರ್ರ್! ನೈರಾ! ಕುರ್ರ್! ನೈರಾ!"

ಹೆಂಗಸರಿಗೆ ಏನು, ಕುರ್ರ್ ಅಂದದ್ದು ಕಿವಿಗೆ ಬಿತ್ತು, ಗುದ್ದಿಯೇ ಗುದ್ದಿದರು ಸಂಕಪ್ಪನ ಬೆನ್ನಿಗೆ! ಗುದ್ದು ತಿಂದವನು ನೆಟ್ಟಗೆ ನಿಂತು ಗಂಭೀರವಾಗಿ ಹೇಳಿದ: "ನಮ್ಮವ್ವ ಇನ್ನ ಮ್ಯಾಲ ನೈರಾ. ಹೊನ್ನವ್ವ ಅನ್ನೋ ಹೆಸರು ಖಾಲಿ ಆತು. ಅಕ್ಕಾ, ಈಗ ಅದನ್ನ ನನ್ನ ಮಗಳಿಗೆ ಇಡು!"

ಆಗ ಎದ್ದ ನಗು ಇದೆಯಲ್ಲ, ಮೂರು ಓಣಿಗೆ ಕೇಳಿತು. ಬಾಣಂತಿ ಸಾವಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗದೆ ಇದ್ದವಳು ನಿಂಬವ್ವ ಒಬ್ಬಳೇ. ಫೋನನ್ನು ಸೊಂಟಕ್ಕೆ ಸಿಕ್ಕಿಸಿದಳು, ಸಾವಕ್ಕನ ಮಡಿಲಿನಿಂದ ಕೂಸನ್ನು ಎತ್ತಿಕೊಂಡಳು, ಅವ್ವನ ಮುಖ ನೋಡಿದಳು. ಎಷ್ಟೋ ವರ್ಷ ತಾನು ಮುಚ್ಚಿಟ್ಟುಕೊಂಡ ತನ್ನ ಹೆಸರೂ ಈ ಅವ್ವನೇ ಇಟ್ಟದ್ದು. ಕೂಸಿನ ಕಿವಿಗೆ ಬಾಯಿ ಇಟ್ಟು ಮನೆಯೆಲ್ಲ ಕೇಳುವ ಹಾಗೆ ಅಂದಳು: "ಕುರ್ರ್! ಹೊನ್ನವ್ವ! ಕುರ್ರ್! ಹೊನ್ನವ್ವ! ಕುರ್ರ್! ಹೊನ್ನವ್ವ!"

ಮೂರು ಸಲ ಅಂದಾಗಲೂ ತೊಟ್ಟಿಲಲ್ಲಿದ್ದ ಮುದುಕಿ "ಓ!" ಅಂದಳು!

ಆವತ್ತು ಅವಳು ಬೈದದ್ದಕ್ಕೆ ಲೆಕ್ಕವಿಲ್ಲ. ಆದರೆ ಬೈಯುತ್ತಾ ಬೈಯುತ್ತಾ ಓಣಿಯ ಪ್ರತಿ ಮನೆಗೂ ಹೋಗಿ ಗುಗ್ಗರಿ ಕೊಟ್ಟು ಬಂದಳು. "ಏನು ಹೆಸರಿಟ್ರಿ ರೊಟ್ಟಿಯವ್ವಾ?" ಅಂತ ಕೇಳಿದವರಿಗೆಲ್ಲ, ಕೇಳದವರಿಗೂ, "ಹೊನ್ನವ್ವ ಅಂತ ಇಟ್ಟೀವ್ರೆವ್ವಾ, ಹೊನ್ನವ್ವ!" ಅಂತ ಎದೆ ಎತ್ತಿ ಹೇಳಿದಳು.

ಮರುದಿನ ಬೆಳಿಗ್ಗೆ ಅಂಗನವಾಡಿ ಟೀಚರಿಂದ ಹೇಳಿಕೆ ಬಂತು, ಹೆಸರಿಟ್ಟ ಕೂಸಿನ ತೂಕ ಮಾಡಿಸಿ ಪೋಲಿಯೋ ಹಾಕಿಸಬೇಕಂತೆ. ಹೊನ್ನವ್ವ ರೊಟ್ಟಿ ಬಡಿಯುತ್ತಿದ್ದಳು. "ಸಂಕಪ್ಪಾ, ನಿನ್ನಿ ತೊಟ್ಟಲದಾಗ ಹಾಕಿ ಹೆಸರು ಇಟ್ಟೀವಲ್ಲಾ, ಎತ್ಕೊಂಡು ಹೋಗಿ ತೂಕ ಮಾಡಿಸ್ಕೊಂಡು ಬಾ. ಒಂದನ್ನೂ ಬಿಡಬ್ಯಾಡ, ಟೀಚರ್ ಹೇಳಿದ್ದೆಲ್ಲಾ ಮಾಡಿಸು!"

"ಹೂಂ ಯವ್ವಾ!"

ಸ್ವಲ್ಪ ಹೊತ್ತಿಗೆ ಊರಿನ ಮಂದಿಯೆಲ್ಲ ಕಟ್ಟೆಗೆ ಬಂದು ನಿಂತು ನೋಡಿದರು. ನಡುಬೀದಿಯಲ್ಲಿ ಸಂಕಪ್ಪ ಎದೆ ನಲವತ್ತೆರಡು ಇಂಚು ಮಾಡಿಕೊಂಡು ನಡೆದಿದ್ದ. ಎಡಗೈಯಲ್ಲಿ ಕೂಸು, ಬಲ ಹೆಗಲ ಮೇಲೆ ಹಿಟ್ಟಿನ ಕೈಯಿಂದ ಅವನ ಬೆನ್ನಿಗೆ ಬಡಿಯುತ್ತಾ ತಾಯಿ! "ಬಿಡಲೇ! ಇಳಸಲೇ!" ಅಂದರೆ ಕೇಳುವವರು ಯಾರು? ಅಂಗನವಾಡಿಗೆ ಹೋದ, ಕೂಸನ್ನು ಟೀಚರ ಕೈಗೆ ಕೊಟ್ಟ, ತಕ್ಕಡಿಯ ಜೋಳಿಗೆ ಬಿಡಿಸಿ ಅದರಲ್ಲಿ ತಾಯಿಯನ್ನು ಕೂಡಿಸಲು ನೋಡಿದ.

"ಇದೇನ್ರೀ ಸಂಕಪ್ಪಾ!" ಅಂತ ಟೀಚರು ಬಾಯಿ ಬಿಟ್ಟರು.

"ಅಕೀ ಹೊನ್ನವ್ವ, ಇಕೀ ನೈರಾ. ಎರಡಕ್ಕೂ ನಿನ್ನೇನ ಹೆಸರಿಟ್ಟೀವ್ರೀ" ಅಂದ ಸಂಕಪ್ಪ. "ಮೊದಲು ಇಕಿಗೆ ಎರಡು ಹನಿ ಪೋಲಿಯೋ ಹಾಕಿಬಿಡ್ರೀ, ಭಾಳ ಚೀರಾಕತ್ಯಾಳ!"