ಮಂಗಟ್ಟೆ ದಂಪತಿ ದ್ವೀಪ ಆರಿಸಿದ್ದು

ಒಂದು ಕಾಡಿನಲ್ಲಿ ಮನೆ ಎಲ್ಲರಿಗೂ ಇತ್ತು. ಹೆಮ್ಮೆಪಡುವಂಥ ಮನೆ ಇದ್ದದ್ದು ಮಂಗಟ್ಟೆ ಹಕ್ಕಿಗಳ ಒಂದು ಜೋಡಿಗೆ ಮಾತ್ರ. ಗಂಡನ ಹೆಸರು ಕಿರೀಟಪ್ಪ, ಹೆಂಡತಿಯ ಹೆಸರು ಹೊನ್ನವ್ವ. ಹಳೆಯ ತಾರೆ ಮರದ ಎತ್ತರದಲ್ಲಿ ಅವರ ಪೊಟರೆ. ಒಳಗೆ ಅಗಲ, ಬಾಗಿಲು ಕಿರಿದು, ಮಳೆನೀರು ಇಳಿಯುತ್ತಿರಲಿಲ್ಲ. ಅಂಥ ಪೊಟರೆ ಆ ಕಾಡಿನಲ್ಲಿ ಇನ್ನೊಂದು ಇರಲಿಲ್ಲ. ಮಂಗಟ್ಟೆಯ ಕೊಕ್ಕು ನೋಡಲು ಭಾರಿ, ಆದರೆ ಅದಕ್ಕೆ ಮರ ಕೊರೆಯಲು ಬಾರದು. ಇದ್ದ ಪೊಟರೆ ಹೋದರೆ ಗೂಡು ಹೋಯಿತು. ಗೂಡು ಹೋದರೆ ಆ ವರ್ಷ ಮೊಟ್ಟೆಯೂ ಇಲ್ಲ, ಮರಿಯೂ ಇಲ್ಲ.

ಆ ಮನೆತನಕ್ಕೆ ಒಂದು ಪದ್ಧತಿ ಇತ್ತು. ಮೊಟ್ಟೆ ಇಡುವ ಕಾಲ ಬಂದಾಗ ಹೊನ್ನವ್ವ ಪೊಟರೆಯೊಳಗೆ ಹೋಗಿ ಕೂರುತ್ತಿದ್ದಳು. ಗಂಡ ಹೆಂಡತಿ ಸೇರಿ ಬಾಗಿಲಿಗೆ ಮಣ್ಣಿನ ಗೋಡೆ ಕಟ್ಟುತ್ತಿದ್ದರು. ಕೊಕ್ಕಿನ ತುದಿ ತೂರುವಷ್ಟು ಸೀಳು ಮಾತ್ರ ಉಳಿಯುತ್ತಿತ್ತು. ಮರಿಯ ರೆಕ್ಕೆ ಬಲಿಯುವ ತನಕ ಅವಳು ಒಳಗೆ, ಅವನು ಹೊರಗೆ. ಅವನು ಕಾಡೆಲ್ಲ ಸುತ್ತಿ ಅತ್ತಿ ಹಣ್ಣು, ಬಸರಿ ಹಣ್ಣು ತಂದು ಆ ಸೀಳಿನಿಂದ ಅವಳ ಬಾಯಿಗಿಡುತ್ತಿದ್ದ. ಒಂದು ದಿನವೂ ತಪ್ಪಿಸಿದವನಲ್ಲ. ಇದನ್ನು ಅವನು ಎಲ್ಲರ ಹತ್ತಿರ ಹೇಳಿಕೊಳ್ಳುತ್ತಿರಲಿಲ್ಲ. ಕೇಳಿದವರಿಗೆ ಮಾತ್ರ ಹೇಳುತ್ತಿದ್ದ. ಕೇಳದವರು ಸಿಕ್ಕರೆ ಅವರು ಕೇಳುವಂತೆ ಮಾಡುತ್ತಿದ್ದ.

ಅವರ ಮದುವೆಯ ವಾರ್ಷಿಕೋತ್ಸವ ಬರುತ್ತಿದ್ದದ್ದು ಗೂಡು ಸೇರುವ ಕಾಲಕ್ಕೆ ಸ್ವಲ್ಪ ಮೊದಲು. ಆ ಸಲ ಹೊನ್ನವ್ವ ಹೇಳಿದಳು:

"ರೀ, ಈ ವರ್ಷ ಎಲ್ಲಿಗಾದ್ರೂ ಹೋಗೋಣ. ಒಳಗೆ ಹೋಗಿ ಕೂತ್ರೆ ನನಗೆ ಕಾಣೋದು ಒಂದು ಸೀಳಿನಷ್ಟು ಆಕಾಶ. ಅದಕ್ಕೆ ಮೊದಲು ಸುತ್ತಲೂ ಬಯಲಿರೋ ಜಾಗ ನೋಡ್ಬೇಕು. ಸುತ್ತ ನೀರು, ಮೇಲೆ ಆಕಾಶ. ದ್ವೀಪ ಅಂತಾರಲ್ಲ, ಅಂಥದ್ದು."

"ಅಷ್ಟೇನಾ?" ಅಂದ ಕಿರೀಟಪ್ಪ. "ನಿನಗೆ ಈ ಕಾಡಲ್ಲಿ ಯಾರೂ ನೋಡದ ದ್ವೀಪ ತೋರಿಸ್ತೀನಿ."

ಈ ಮಾತು ಕೆಳಗಿನ ಪೊದೆಯಲ್ಲಿದ್ದ ಪುನುಗು ಬೆಕ್ಕಿನ ಕಿವಿಗೆ ಬಿತ್ತು. ಅವನ ಹೆಸರು ಪರಿಮಳಯ್ಯ. ಮೈಯಿಂದ ಸದಾ ಗಮಗಮ ವಾಸನೆ, ಬಾಯಿಂದ ಸದಾ ಸಿಹಿ ಮಾತು. ಹಗಲೆಲ್ಲ ಮಲಗುವುದು ಅವನ ಸ್ವಭಾವ, ಮಲಗಲು ಒಂದು ಒಳ್ಳೆಯ ಕತ್ತಲೆ ಕೋಣೆ ಇಲ್ಲದಿರುವುದು ಅವನ ದುಃಖ. ತಾರೆ ಮರದ ಪೊಟರೆಯ ಮೇಲೆ ಅವನ ಕಣ್ಣು ಬಹಳ ದಿನದಿಂದ ಇತ್ತು. ಅವನು ಅದೇ ಸಂಜೆ ಮರ ಹತ್ತಿ, ಕೊಂಬೆಯ ಮೇಲೆ ವಿನಯದಿಂದ ಕೂತ.

"ಅಣ್ಣಾವ್ರೇ, ಅಕ್ಕಾವ್ರೇ, ನಮಸ್ಕಾರ. ದ್ವೀಪದ ವಿಷಯ ಮಾತಾಡ್ತಿದ್ರಿ. ನನ್ನ ಕೆಲಸವೇ ಅದು. ಜೋಡಿಗಳನ್ನ ದ್ವೀಪಕ್ಕೆ ಕಳಿಸೋದು."

"ಇದುವರೆಗೆ ಯಾರನ್ನ ಕಳಿಸಿದ್ದೀರಿ?" ಹೊನ್ನವ್ವ ಕೇಳಿದಳು.

"ಹೋದವರು ಯಾರೂ ವಾಪಸ್ ಬರಲಿಲ್ಲ ಅಕ್ಕಾವ್ರೇ. ಅಷ್ಟು ಚೆನ್ನಾಗಿದೆ."

ಈ ಉತ್ತರದಿಂದ ಕಿರೀಟಪ್ಪನಿಗೆ ತುಂಬ ಸಮಾಧಾನವಾಯಿತು.

ಪರಿಮಳಯ್ಯ ವರ್ಣಿಸತೊಡಗಿದ. ಹವಳದ ದ್ವೀಪ ಇದೆ, ತೆಂಗಿನ ದ್ವೀಪ ಇದೆ, ಎಲ್ಲಕ್ಕಿಂತ ದೂರದಲ್ಲಿ ಮುತ್ತಿನ ದ್ವೀಪ ಇದೆ. ಎಲ್ಲ ಕಡೆ ರೆಸಾರ್ಟ್ ಇದೆ. ಅಲ್ಲಿನ ಸೂರ್ಯೋದಯ ಎಷ್ಟು ಚಂದ ಎಂದು ಕಣ್ಣು ಮುಚ್ಚಿ ಹೇಳಿದ. ಸೂರ್ಯ ಹುಟ್ಟುವ ಹೊತ್ತಿನಲ್ಲಿ ಅವನು ಕಣ್ಣು ಬಿಟ್ಟಿದ್ದನ್ನು ಯಾರೂ ನೋಡಿರಲಿಲ್ಲ. ಆದರೂ ವರ್ಣನೆ ಚೆನ್ನಾಗಿತ್ತು.

ಕಿರೀಟಪ್ಪ ಗಂಭೀರನಾದ. "ತೆಂಗಿನ ದ್ವೀಪದಲ್ಲಿ ಕೋಣೆ ಹೇಗೆ?"

"ನಾಲ್ಕೂ ಕಡೆ ಕಿಟಕಿ. ಮಲಗಿದಲ್ಲಿಂದಲೇ ಸಮುದ್ರ ಕಾಣುತ್ತೆ."

"ಅಯ್ಯೋ, ನನಗೆ ಅದೇ ಇರ್ಲಿ!" ಅಂದಳು ಹೊನ್ನವ್ವ.

"ನಾಲ್ಕು ಕಡೆ ಕಿಟಕಿನಾ? ಹಾವು ಬರುತ್ತೆ. ಬೇಡ. ಹವಳದ ದ್ವೀಪದಲ್ಲಿ?"

"ಅಲ್ಲಿ ಬಾಗಿಲೇ ಇಲ್ಲ. ಬರೀ ಚಪ್ಪರ."

"ಛೆ! ಅದೂ ಒಂದು ಮನೆಯಾ? ನನ್ನ ಹೆಂಡತಿಗೆ ಭದ್ರವಾದ ಕೋಣೆ ಬೇಕು. ಬಾಗಿಲು ಕಿರಿದಾಗಿರ್ಬೇಕು. ಮುಚ್ಚಿದ್ರೆ ಗಾಳಿ ಕೂಡ ಕೇಳಿ ಒಳಗೆ ಬರ್ಬೇಕು."

"ಅದು ಮುತ್ತಿನ ದ್ವೀಪದಲ್ಲಿದೆ," ಅಂದ ಪರಿಮಳಯ್ಯ ತಡಮಾಡದೆ. "ಅಕ್ಕಾವ್ರು ಒಳಗೆ ಹೋದ್ರೆ ಸಾಕು, ಹೊರಗೆ ಬರೋದೇ ಬೇಡ. ಊಟ ಕೂಡ ಬಾಗಿಲ ಸಂದಿಯಿಂದ ಬರುತ್ತೆ. ಮಾಗಿದ ಹಣ್ಣನ್ನ ಕೆಲಸದವರೇ ತಂದು ಬಾಯಿಗಿಡ್ತಾರೆ."

ಕಿರೀಟಪ್ಪನ ಕುತ್ತಿಗೆಯ ಗರಿಗಳು ನಿಂತವು. "ಏನಂದೆ? ನನ್ನ ಹೆಂಡತಿಯ ಬಾಯಿಗೆ ಹಣ್ಣಿಡೋಕೆ ಬೇರೆಯವನಾ? ನಾನೇನು ಸತ್ತುಹೋಗಿದ್ದೀನಾ?"

ಪರಿಮಳಯ್ಯ ಅನುಭವಸ್ಥ. "ಛೆ ಛೆ, ಅಣ್ಣಾವ್ರೇ! ಅದು ಬೇರೆ ಗಂಡಂದಿರ ಹೆಂಡತಿಯರಿಗೆ. ನಿಮಗೆ ಬರೀ ಬುಟ್ಟಿ ತಂದಿಡ್ತಾರೆ. ಬಾಯಿಗಿಡೋದು ನೀವೇ."

ಕಿರೀಟಪ್ಪನ ಗರಿಗಳು ಮಲಗಿದವು.

"ರೀ," ಹೊನ್ನವ್ವ ಮೆಲ್ಲಗೆ ಹೇಳಿದಳು, "ಮುಚ್ಚಿದ ಕೋಣೇಲಿ ಕೂತು ಸಂದಿಯಿಂದ ಹಣ್ಣು ತಿನ್ನೋಕೆ ಅಷ್ಟು ದೂರ ಯಾಕೆ ಹೋಗ್ಬೇಕು? ಅದು ನನಗೆ ಪ್ರತಿವರ್ಷ ಇದ್ದದ್ದೇ ಅಲ್ವಾ?"

"ನೀನು ಸುಮ್ನಿರು ಹೊನ್ನಾ. ನಿನಗೋಸ್ಕರ ತಾನೇ ಆರಿಸ್ತಿರೋದು?"

ಹೆಂಡತಿಗೋಸ್ಕರ ಆರಿಸುವಾಗ ಹೆಂಡತಿಯ ಮಾತು ಅಡ್ಡ ಬರಬಾರದು ಎಂದು ಕಿರೀಟಪ್ಪ ಪ್ರಾಮಾಣಿಕವಾಗಿ ನಂಬಿದ್ದ. ಹೀಗೆ ಮುತ್ತಿನ ದ್ವೀಪ ಸರ್ವಾನುಮತದಿಂದ ನಿಶ್ಚಯವಾಯಿತು.

ಆಮೇಲೆ ಪರಿಮಳಯ್ಯ ಕೆಲವು ಪ್ರಶ್ನೆ ಕೇಳಿದ. ಯಾವಾಗ ಹೊರಡುತ್ತೀರಿ? ಯಾವಾಗ ಬರುತ್ತೀರಿ? ಪೊಟರೆಯ ನೆಲ ಒಣಗಿದೆಯಾ? ಹಗಲು ಹೊತ್ತು ಒಳಗೆ ಬೆಳಕು ಬೀಳುತ್ತದಾ? ಕೊನೆಗೆ, "ಮನೆಯ ಚಿಂತೆ ಬಿಡಿ, ನಾನು ನೋಡಿಕೊಳ್ತೀನಿ," ಅಂದ. ಈ ಒಂದು ಮಾತಿನಲ್ಲಿ ಮಾತ್ರ ಅವನು ಸುಳ್ಳು ಹೇಳಿರಲಿಲ್ಲ.

ಹೊರಡುವ ದಿನ ಕಾಡು ನೆರೆಯಿತು. ಪಕ್ಕದ ಮರದ ಕೆಂದಳಿಲು ಕೆಂಪಕ್ಕ ಬಾಲ ಎತ್ತಿ ಕೇಳಿದಳು, "ಎಲ್ಲಿಗೆ ಕಿರೀಟಪ್ಪಣ್ಣ, ಬೆಳಬೆಳಗ್ಗೆ?"

"ಇಲ್ಲೇ, ಮುತ್ತಿನ ದ್ವೀಪಕ್ಕೆ," ಅಂದ ಕಿರೀಟಪ್ಪ, ಹಳ್ಳಕ್ಕೆ ನೀರು ಕುಡಿಯಲು ಹೊರಟವನಂತೆ. ಆದರೆ ಎಲ್ಲರಿಗೂ ಕೇಳಿಸುವಷ್ಟು ಜೋರಾಗಿ.

ಇಬ್ಬರೂ ಬೆಟ್ಟ ಇಳಿದರು, ಗದ್ದೆ ಬಯಲು ದಾಟಿದರು, ದಣಿದು ದಣಿದು ಕಡಲ ತೀರ ಮುಟ್ಟಿದರು. ಹೊನ್ನವ್ವ ಒಂದು ಗಾಳಿಮರದ ತುದಿಯಲ್ಲಿ ಕೂತು ಸಮುದ್ರ ನೋಡಿದಳು. ಕಿರೀಟಪ್ಪನೂ ನೋಡಿದ. ಅವನು ನೋಡಿದ್ದು ಬೇರೆ. ಆ ನೀರಿನ ಮೇಲೆ ಎಲ್ಲೂ ಒಂದು ಕೊಂಬೆ ಇರಲಿಲ್ಲ.

ಅಲ್ಲೇ ಒಂದು ಬಿಳಿಯ ಕಡಲಕಾಗೆ ಮೀನು ನುಂಗುತ್ತಿತ್ತು.

"ಸ್ವಾಮಿ, ಮುತ್ತಿನ ದ್ವೀಪ ಎಷ್ಟು ದೂರ?" ಕಿರೀಟಪ್ಪ ಕೇಳಿದ.

"ಆ ಹೆಸರಿನದ್ದು ಇಲ್ಲಿ ಯಾವುದೂ ಇಲ್ಲ. ದ್ವೀಪ ಬೇಕಾದ್ರೆ ಒಂದಿದೆ. ನಮ್ಮೂರೇ ಅದು. ಬೆಳಗ್ಗೆ ಹೊರಟ್ರೆ ಮಧ್ಯಾಹ್ನ. ನಡುವೆ ಕೂರೋಕೆ ಜಾಗ ಇಲ್ಲ."

"ಅಲ್ಲಿ ಅತ್ತಿ ಮರ ಇದೆಯಾ?"

"ಮರನಾ?" ಕಡಲಕಾಗೆಗೆ ನಗು ಬಂತು. "ಮರ ಯಾಕ್ರಿ? ಬಂಡೆ ಇದೆ, ಮರಳಿದೆ, ಮೀನಿದೆ. ಸ್ವರ್ಗ! ನೀವೆಲ್ಲಿರೋದು?"

"ತಾರೆ ಮರದ ಪೊಟರೆಯಲ್ಲಿ. ಬಿಸಿಲು ಬರಲ್ಲ, ಮಳೆ ಬರಲ್ಲ."

"ಅಂಥಾ ಮನೇನ ಯಾರ ಕೈಗೆ ಕೊಟ್ಟು ಬಂದ್ರಿ?"

ಹೊನ್ನವ್ವ ಸಮುದ್ರದಿಂದ ಕಣ್ಣು ಕಿತ್ತಳು. "ರೀ, ಆ ಪರಿಮಳಯ್ಯ ದ್ವೀಪದ ಬಗ್ಗೆ ನಾವು ಕೇಳಿದ್ದಕ್ಕಿಂತ ನಮ್ಮ ಮನೆ ಬಗ್ಗೆ ಅವನು ಕೇಳಿದ್ದೇ ಹೆಚ್ಚಲ್ವಾ? ಹಗಲು ಬೆಳಕು ಬೀಳುತ್ತಾ ಅಂತ ಅವನಿಗ್ಯಾಕೆ ಬೇಕಿತ್ತು?"

ಕಿರೀಟಪ್ಪ ಆಗಲೇ ರೆಕ್ಕೆ ಬಿಚ್ಚಿದ್ದ. ಮದುವೆಯಾದ ಮೇಲೆ ಇಷ್ಟು ಬೇಗ ಅವನು ಹೆಂಡತಿಯ ಮಾತು ಒಪ್ಪಿದ್ದು ಅದೇ ಮೊದಲು. ಇಬ್ಬರೂ ತಿರುಗಿ ಹಾರಿದರು.

ಮರುದಿನ ಬೆಳಿಗ್ಗೆ ತಾರೆ ಮರ ಮುಟ್ಟುವ ಮೊದಲೇ ಗಮಗಮ ವಾಸನೆ ಬಂತು. ಪೊಟರೆಯೊಳಗೆ ಪರಿಮಳಯ್ಯ ಬಾಲ ಸುತ್ತಿಕೊಂಡು ಆರಾಮವಾಗಿ ಮಲಗಿದ್ದ.

"ಏಯ್! ಹೊರಗೆ ಬಾರೋ!" ಕಿರೀಟಪ್ಪ ಗುಡುಗಿದ.

ಪರಿಮಳಯ್ಯ ಒಂದೇ ಕಣ್ಣು ತೆರೆದ. "ಅಣ್ಣಾವ್ರೇ, ಇಷ್ಟು ಬೇಗ ಬಂದ್ರಾ? ಪೊಟರೆ ಒಳಗಿರೋನದ್ದು, ಅದು ಕಾಡಿನ ಕಾನೂನು. ನೀವು ಹೊರಗಿದ್ದೀರಿ, ನಾನು ಒಳಗಿದ್ದೀನಿ. ಈಗ ನನಗೆ ಮಲಗೋ ಹೊತ್ತು. ಸಂಜೆ ಬನ್ನಿ, ಮಾತಾಡೋಣ." ಹೀಗೆಂದು ಒಂದು ಹಲ್ಲು ತೋರಿಸಿ, ಆಕಳಿಸಿ, ಗೊರಕೆ ಹೊಡೆಯತೊಡಗಿದ.

ಕಿರೀಟಪ್ಪ ಕುಕ್ಕಲು ಹೊರಟ. ಹೊನ್ನವ್ವ ತಡೆದಳು. ಗೂಡು ಸೇರುವ ಕಾಲ ಬಂದೇಬಿಟ್ಟಿತ್ತು. ಬೇರೆ ಪೊಟರೆ ಹುಡುಕಲು ಸಮಯವಿರಲಿಲ್ಲ, ಹುಡುಕಿದರೂ ಸಿಗುವಂತಿರಲಿಲ್ಲ. ಜಗಳದಲ್ಲಿ ಗಂಡನ ಕಣ್ಣು ಹೋದರೆ ಪೊಟರೆ ಇದ್ದೂ ಉಪಯೋಗವಿರಲಿಲ್ಲ. ಅವಳು ಒಂದು ನಿಮಿಷ ಯೋಚಿಸಿದಳು.

"ಅವರು ಹೇಳೋದು ಸರಿ ಕಣ್ರೀ. ಕಾನೂನು ಅಂದ್ರೆ ಕಾನೂನು. ಹೋಗಿ ಹಳ್ಳದಿಂದ ಮಣ್ಣು ತನ್ನಿ."

"ಮಣ್ಣಾ? ಯಾಕೆ?"

"ನಮ್ಮ ಮನೇಲಿ ಒಳಗೆ ಹೋದವರಿಗೆ ಏನು ಮಾಡ್ತೀವಿ?"

ಕಿರೀಟಪ್ಪನ ಮುಖದಲ್ಲಿ ಬೆಳಕು ಮೂಡಿತು. ಅವನು ಮಣ್ಣು ತಂದ. ಅವಳು ಅದಕ್ಕೆ ಹಣ್ಣಿನ ಅಂಟು ಬೆರೆಸಿ ಕೊಕ್ಕಿನಿಂದ ತಟ್ಟಿ ತಟ್ಟಿ ಮೆತ್ತಿದಳು. ಹಾವನ್ನೂ ಉಡವನ್ನೂ ತಡೆದ ಗೋಡೆ ಕಟ್ಟಿದವಳು ಅವಳು. ಆ ದಿನದಷ್ಟು ಅಚ್ಚುಕಟ್ಟಾಗಿ ಅವಳು ಹಿಂದೆಂದೂ ಕಟ್ಟಿರಲಿಲ್ಲ. ಬಿಸಿಲಿಗೆ ಗೋಡೆ ಕಲ್ಲಿನಂತೆ ಒಣಗಿತು. ಮಧ್ಯೆ ಒಂದು ಸೀಳು ಉಳಿಯಿತು. ಒಳಗೆ ಗೊರಕೆ ನಡೆದೇ ಇತ್ತು.

ಸಂಜೆ ಪರಿಮಳಯ್ಯ ಎದ್ದ. ಮೈಮುರಿದ. ತಲೆ ಗೋಡೆಗೆ ಬಡಿಯಿತು. ಪರಚಿದ, ಉಗುರು ಸವೆಯಿತು, ಗೋಡೆ ಸವೆಯಲಿಲ್ಲ. ಅಷ್ಟರಲ್ಲಿ ಅವನದೇ ಪುನುಗಿನ ವಾಸನೆ ಒಳಗೆ ತುಂಬಿತ್ತು. ಹೊರಗೆ ಎಲ್ಲರೂ ಹೊಗಳುತ್ತಿದ್ದ ಪರಿಮಳ ಮುಚ್ಚಿದ ಕೋಣೆಯಲ್ಲಿ ಎಷ್ಟು ಘಾಟು ಎಂದು ಅವನಿಗೆ ಆಗಲೇ ಗೊತ್ತಾದದ್ದು. ಅವನು ಸೀಳಿಗೆ ಮೂಗು ಒತ್ತಿ ಕೂಗಿದ. ಕಾಡೆಲ್ಲ ಬಂದು ನೆರೆಯಿತು.

ಕಿರೀಟಪ್ಪ ಒಂದು ಅತ್ತಿ ಹಣ್ಣು ತಂದು ಸೀಳಿನೊಳಗೆ ತೂರಿಸಿದ.

"ಅವನಿಗೂ ಹಣ್ಣಾ?" ಕೆಂಪಕ್ಕ ಬೆರಗಾದಳು.

"ಒಳಗಿರೋದು ಯಾರು ಅನ್ನೋದು ಬೇರೆ ಮಾತು ಕೆಂಪಕ್ಕ. ಗೋಡೆ ಕಟ್ಟಿದ ಮೇಲೆ ಹಣ್ಣು ತಪ್ಪಿಸೋ ಮನೆತನ ನಮ್ಮದಲ್ಲ."

"ಅಣ್ಣಾವ್ರೇ, ಎಷ್ಟು ದಿನ ಹೀಗೆ?" ಒಳಗಿನಿಂದ ದನಿ ಬಂತು.

"ಮರಿಯ ರೆಕ್ಕೆ ಬಲಿಯೋ ತನಕ," ಅಂದಳು ಹೊನ್ನವ್ವ.

"ನನಗೆ ಮರಿ ಇಲ್ಲವಲ್ಲ!"

"ಹಾಗಾದ್ರೆ ಸ್ವಲ್ಪ ತಡ ಆಗ್ಬಹುದು."

"ನನಗೆ ಈ ಪೊಟರೆ ಬೇಡ ಅಕ್ಕಾವ್ರೇ!"

"ಹಾಗಂದ್ರೆ ಹೇಗೆ? ಒಳಗಿರೋನದ್ದೇ ಅಂತ ನೀವೇ ಹೇಳಿದ್ರಿ. ಬೇಡ ಅಂತಿದ್ರೆ ಎಲ್ಲರಿಗೂ ಕೇಳೋ ಹಾಗೆ ಹೇಳಿ."

"ಬೇಡ! ಇದು ನಿಮ್ಮದು! ನಾನು ಮುಚ್ಚಿದ ಜಾಗ ನೋಡಿ ಆಸೆಪಟ್ಟೆ!"

"ಮತ್ತೆ ಆ ಮುತ್ತಿನ ದ್ವೀಪ?"

"ಅದು ನಾನು ಕಟ್ಟಿದ ಕಥೆ."

"ಸಮುದ್ರ?"

"ಅದನ್ನೂ ನೋಡಿಲ್ಲ. ಹಳ್ಳದ ಆಚೆಗೇ ನಾನು ಹೋಗಿಲ್ಲ!"

ಪರಿಮಳಯ್ಯನ ಮಾತು ನಂಬಿ ತೆಂಗಿನ ದ್ವೀಪಕ್ಕೆ ಹೊರಡಲು ಗಂಟು ಕಟ್ಟಿಕೊಂಡಿದ್ದ ಮೊಲದ ದಂಪತಿ ಅಲ್ಲೇ ಕೂತು ಗಂಟು ಬಿಚ್ಚಿದರು.

ಹೊನ್ನವ್ವ ಗೋಡೆಯನ್ನು ಕೊಕ್ಕಿನಿಂದ ಒಡೆದಳು. ಪರಿಮಳಯ್ಯ ಕೆಳಗೆ ಜಾರಿ, ಯಾರ ಮುಖವನ್ನೂ ನೋಡದೆ ಓಡಿದ. ಆಮೇಲೆ ಅವನು ಬೇರೊಂದು ಕಾಡಿನಲ್ಲಿ ನೆಲೆಸಿದನಂತೆ. ಕೊನೆಗೂ ಅವನು ಹಳ್ಳ ದಾಟಿದ.

ವಾರ್ಷಿಕೋತ್ಸವದ ದಿನ ಬಂತು. ಕಿರೀಟಪ್ಪ ಗಂಟಲು ಸರಿಮಾಡಿಕೊಂಡ.

"ಹೊನ್ನಾ, ನಿನಗೆ ಎಲ್ಲಿಗೆ ಹೋಗ್ಬೇಕು?"

ಅವಳ ಉತ್ತರ ಎಂದೋ ಸಿದ್ಧವಾಗಿತ್ತು. ಕೇಳುವವರು ಇರಲಿಲ್ಲ, ಅಷ್ಟೇ. ಕಾಡಿನ ಹೊಳೆ ಒಂದು ಕಡೆ ಎರಡಾಗಿ ಸೀಳಿ ಮತ್ತೆ ಕೂಡುತ್ತಿತ್ತು. ನಡುವೆ ಒಂದು ನಡುಗಡ್ಡೆ. ಮರಳು, ನಾಲ್ಕಾರು ಬಂಡೆ, ಹಣ್ಣು ತುಂಬಿದ ಒಂದು ಅತ್ತಿ ಮರ. ಕೋಣೆ ಇಲ್ಲ, ಬಾಗಿಲಿಲ್ಲ. ಅಲ್ಲಿಂದ ನೋಡಿದರೆ ತಾರೆ ಮರವೂ ಕಾಣುತ್ತಿತ್ತು. ಹೊನ್ನವ್ವ ಮರಳಿನ ಮೇಲೆ ಎರಡೂ ರೆಕ್ಕೆ ಬಿಚ್ಚಿ ನಿಂತಳು. ಹಾರಲಿಲ್ಲ, ಸುಮ್ಮನೆ ಬಿಚ್ಚಿ ನಿಂತಳು.

ಕಿರೀಟಪ್ಪ ಅಭ್ಯಾಸಬಲದಿಂದ ಹಣ್ಣು ಕೀಳಲು ಹೊರಟ.

"ಇವತ್ತು ನೀವು ಕೂತ್ಕೊಳ್ಳಿ," ಅಂದಳು ಹೊನ್ನವ್ವ. ಎಲ್ಲಕ್ಕಿಂತ ಕೆಂಪಗೆ ಮಾಗಿದ ಹಣ್ಣೊಂದನ್ನು ಕಿತ್ತು ತಂದು ಅವನ ಬಾಯಿಗೆ ಹಿಡಿದಳು. ಅಷ್ಟು ವರ್ಷ ಹಣ್ಣು ತಿನ್ನಿಸಿದ ಆ ಹಕ್ಕಿಗೆ, ಬೇರೆಯವರು ತಿನ್ನಿಸಿದಾಗ ಬಾಯಿ ತೆರೆಯಬೇಕೆಂದು ಕೂಡಲೇ ಹೊಳೆಯಲಿಲ್ಲ.

ಮರುದಿನ ಹೊನ್ನವ್ವ ಪೊಟರೆ ಸೇರಿದಳು. ಕಿರೀಟಪ್ಪ ಮಣ್ಣು ಹೊರುತ್ತಿರುವಾಗ ಕೆಂಪಕ್ಕ ಎದುರಾದಳು.

"ಏನಣ್ಣ, ಅಷ್ಟೆಲ್ಲ ಸದ್ದು ಮಾಡಿ ಕೊನೆಗೆ ನಮ್ಮ ಹೊಳೆಗೇ ಹೋದ್ರಂತೆ? ಅದೂ ಒಂದು ದ್ವೀಪನಾ? ನಾನು ದಿನಾ ಮರದ ಮೇಲಿಂದ ನೋಡ್ತೀನಿ ಅದನ್ನ."

ಕಿರೀಟಪ್ಪ ಮಣ್ಣನ್ನು ಕೊಂಬೆಯ ಮೇಲಿಟ್ಟ. ನೆತ್ತಿಯ ಕಿರೀಟ ಎತ್ತಿದ.

"ಅದನ್ನ ಆರಿಸಿದ್ದು ಹೊನ್ನ," ಅಂದ. ಆಮೇಲೆ ದನಿ ಏರಿಸಿ, "ಅಲ್ಲಿ ಅವಳೇ ನನಗೆ ಹಣ್ಣು ತಿನ್ನಿಸಿದ್ಲು, ಗೊತ್ತಾ?" ಅಂದ.

ನೀತಿ: ಇನ್ನೊಬ್ಬರ ಮನೆಯ ಆಸೆಗೆ ಸುಳ್ಳು ಹೇಳಿದವನು ಆ ಮನೆಯಲ್ಲೇ ಸಿಕ್ಕಿಬೀಳುತ್ತಾನೆ, ಹೆಂಡತಿಗಾಗಿ ಜಾಗ ಆರಿಸುವವನು ಮೊದಲು ಹೆಂಡತಿಯನ್ನು ಕೇಳಬೇಕು.