ಒಂದು ಚಮಚ ಹೆಪ್ಪು

ಗಡಿಗೆಯ ತಳದಲ್ಲಿ ಒಂದು ಚಮಚದಷ್ಟು ಮೊಸರು ಉಳಿದಿತ್ತು. ಮಿಕ್ಕದ್ದೆಲ್ಲ ಮಧ್ಯಾಹ್ನದ ಊಟಕ್ಕೆ ಖರ್ಚಾಗಿತ್ತು; ತನ್ನೊಬ್ಬನನ್ನೇ ಬಿಟ್ಟದ್ದು ತನ್ನ ಹಿರಿತನಕ್ಕೆ ಸಂದ ಗೌರವವೆಂದು ಅದು ತಿಳಿದಿತ್ತು. ಸಂಜೆ ಚಮಚ ಬಂದು, "ಏಳಿ ಅಜ್ಜಾ, ಹಾಲು ಉಗುರುಬೆಚ್ಚಗಾಗಿದೆ, ಹೆಪ್ಪು ಹಾಕಬೇಕು" ಎಂದಿತು.

"ಅಷ್ಟು ಹಾಲಿನಲ್ಲಿ ನಾನು ಕರಗಿಹೋಗುತ್ತೇನಲ್ಲಯ್ಯ! ನನ್ನನ್ನು ಹೀಗೇ ಇರಲು ಬಿಡು."

"ಬಿಡಬಹುದು. ನಾಳೆ ಹುಳಿಯಾಗುತ್ತೀರಿ, ನಾಡಿದ್ದು ಗಡಿಗೆ ತೊಳೆದು ಕರಿಬೇವಿನ ಗಿಡದ ಬುಡಕ್ಕೆ ಸುರಿಯುತ್ತಾರೆ. ಗಿಡಕ್ಕೇನೋ ಬಹಳ ಒಳ್ಳೆಯದು."

ಅಜ್ಜ ಚಮಚ ಹತ್ತಿದ. ಹಾಲಿಗೆ ಬಿದ್ದಾಗ ನೋಡಿದರೆ ಹಾಲೂ ನಡುಗುತ್ತಿತ್ತು.

"ಅಜ್ಜಾ, ನಾಳೆ ನಾನು ಹಾಲಾಗಿಯೇ ಇರುತ್ತೇನಾ?"

"ಇಲ್ಲ ಮಗೂ. ನಾನೂ ನಾನಾಗಿರುವುದಿಲ್ಲ."

ಹೆದರುವುದಕ್ಕೆ ಜೊತೆ ಸಿಕ್ಕಿತೆಂದು ಇಬ್ಬರಿಗೂ ತುಸು ಸಮಾಧಾನವಾಯಿತು.

ಬೆಳಿಗ್ಗೆ ಮುಚ್ಚಳ ತೆರೆದಾಗ, "ನಾನು ಸತ್ತೆನಾ?" ಎಂದು ಅಜ್ಜ ಕೇಳಿದ. ಕೇಳಿದ್ದು ಇಡೀ ಪಾತ್ರೆಯ ಮೊಸರು.

"ಇಷ್ಟು ಗಟ್ಟಿಯಾಗಿರುವವರು ಸತ್ತಿರುವುದಿಲ್ಲ" ಎಂದಿತು ಚಮಚ.

ಮೊಸರು ನಿರಾಳವಾಗಿ ಉಸಿರುಬಿಟ್ಟಿತು. ಊಟಕ್ಕೆ ಬಡಿಸುವ ಮೊದಲು ನಾಳೆಯ ಹೆಪ್ಪಿಗೆ ಸ್ವಲ್ಪ ತೆಗೆದಿಡಬೇಕೆಂದು ತಾನಾಗಿಯೇ ನೆನಪಿಸಿತು.

"ಎಲ್ಲಿಂದ ತೆಗೆಯಲಿ?" ಎಂದು ಚಮಚ ಕೇಳಿತು.

"ಎಲ್ಲಿಂದಾದರೂ ಆದೀತು."